ಯಾವ ಬಿಸಿ?

‘ಇಂಗಾಲದ ನ್ಯಾನೊ ಕೊಳವೆ ಬೆರೆಸಿದರೆ ಎಪಾಕ್ಸಿ ರಾಳ ಹೆಚ್ಚು ಬಿಸಿ ತಾಳುತ್ತದೆ.’ ಪ್ರಬಂಧಗಳ ಮೊದಲ ಪುಟದಲ್ಲಿ ಈ ಮಾತು ಗಾದೆಯ ಹಾಗೆ ಕೂತಿರುತ್ತದೆ. ಇದರ ಬೇರೆಲ್ಲಿದೆ ನೋಡೋಣವೆಂದು ಒಂದು ಪ್ರಬಂಧದ ಉಲ್ಲೇಖ ಹಿಡಿದು ಅದಕ್ಕಿಂತ ಹಳೆಯದಕ್ಕೆ, ಅಲ್ಲಿಂದ ಇನ್ನೂ ಹಳೆಯದಕ್ಕೆ ಇಳಿಯುತ್ತ ಹೋದೆ.

ತಳದಲ್ಲಿ ಸಿಕ್ಕಿದ್ದು 1994ರ ‘ಸೈನ್ಸ್’ ಪತ್ರಿಕೆ. ಜಪಾನಿನ ಸುಮಿಯೊ ಇಜಿಮಾ ಈ ಕೊಳವೆಗಳ ಚಿತ್ರವನ್ನು ‘ನೇಚರ್’ನಲ್ಲಿ ಪ್ರಕಟಿಸಿ ಆಗ ಮೂರೇ ವರ್ಷವಾಗಿತ್ತು. (ಅಂಥದೇ ಚಿತ್ರ 1952ರ ರಷ್ಯನ್ ಪತ್ರಿಕೆಯೊಂದರಲ್ಲಿ ಬಂದಿತ್ತು, ಅದು ಬೇರೆಯೇ ಜಗಳ.) ಕೇರಳದ ಕೊಡುಂಗಲ್ಲೂರಿನಲ್ಲಿ ಹುಟ್ಟಿದ ಪುಳಿಕ್ಕಲ್ ಅಜಯನ್ ಮತ್ತು ಸಂಗಡಿಗರು ಕೊಳವೆಗಳನ್ನು ರಾಳದಲ್ಲಿ ಕಲಸಿ, ಗಟ್ಟಿಯಾದ ಮೇಲೆ 50ರಿಂದ 200 ನ್ಯಾನೊಮೀಟರ್ ದಪ್ಪದ ಪದರಗಳಾಗಿ ಕೊಯ್ದಿದ್ದರು. ಕೊಯ್ತದ ಎಳೆತಕ್ಕೆ ಕೊಳವೆಗಳು ಮುರಿಯದೆ ನೆಟ್ಟಗಾಗಿ ಸಾಲು ಹಿಡಿದವು. ಅವರಿಗೆ ಬೇಕಿದ್ದದ್ದು ಆ ಸಾಲು, ಬಿಸಿಯಲ್ಲ. ಹಲಸು ಬಿಡಿಸುವವರ ಕೈಯೆಣ್ಣೆಯಂತೆ ರಾಳ ಅಲ್ಲಿ ಬರಿಯ ಅನುಕೂಲ.

ಮತ್ತೆ ಮೇಲಕ್ಕೆ ಹತ್ತಿದೆ. 2002ರ ‘ಅಪ್ಲೈಡ್ ಫಿಸಿಕ್ಸ್ ಲೆಟರ್ಸ್’ನಲ್ಲಿ ಬಿಸಿಯ ಮಾತು ಸಿಕ್ಕಿತು: ತೂಕದಲ್ಲಿ ಶೇ. 1ರಷ್ಟು ಏಕಪದರದ ಕೊಳವೆ ಸೇರಿಸಿದ ಎಪಾಕ್ಸಿಯ ಉಷ್ಣವಾಹಕತೆ ಕೋಣೆಯ ತಾಪದಲ್ಲಿ ಶೇ. 125ರಷ್ಟು ಏರಿತ್ತು. ಹಿಗ್ಗಿದೆ. ಮರುಕ್ಷಣವೇ ತಪ್ಪು ಹೊಳೆಯಿತು. ಇದು ಬಿಸಿಯನ್ನು ಸಾಗಿಸುವ ಮಾತು, ತಾಳುವ ಮಾತಲ್ಲ. ಏರಿಕೆಯೂ ಅಂಥ ದೊಡ್ಡದಲ್ಲ. ಒಂಟಿ ಕೊಳವೆಯ ವಾಹಕತೆ 3000 ವ್ಯಾಟ್/ಮೀಟರ್-ಕೆಲ್ವಿನ್ ದಾಟುತ್ತದೆಂದು 2001ರಲ್ಲೇ ಅಳೆದಿದ್ದರು. ಎಪಾಕ್ಸಿಯದು ಸುಮಾರು 0.2. ಬಿಗಿಯಾದ ಕೊಳವೆಯ ಕಂಪನ ಮೆತ್ತನೆಯ ರಾಳಕ್ಕೆ ಸುಲಭವಾಗಿ ದಾಟುವುದಿಲ್ಲ, ಗಡಿಯಲ್ಲೇ ತಡೆಯುತ್ತದೆ.

ಹುಡುಕುತ್ತಿದ್ದದ್ದು ದೊರೆತದ್ದು 2004ರಲ್ಲಿ, ಜರ್ಮನಿಯ ಗೋಯ್ನಿ ಮತ್ತು ಶುಲ್ಟೆ ಅವರ ಲೇಖನದಲ್ಲಿ. ಅವರು ನೋಡಿದ್ದು ಗಾಜಿನಂತಿದ್ದ ರಾಳ ಯಾವ ತಾಪದಲ್ಲಿ ರಬ್ಬರಿನಂತೆ ಮೆತ್ತಗಾಗುತ್ತದೆ ಎಂಬುದನ್ನು. ಕೊಳವೆ ಹೆಚ್ಚಿದಂತೆ ಆ ತಾಪ ಏರಿತು. ಮೈಗೆ ಅಮೈನ್ ಗುಂಪು ಅಂಟಿಸಿದ ಕೊಳವೆಗಳಲ್ಲಿ ಇನ್ನೂ ಹೆಚ್ಚು. ಕಾರಣ ಸರಳ. ಬರಿಮೈಯ ಕೊಳವೆ ನುಣುಪು. ತನ್ನ ಜೊತೆಯವುಗಳಿಗೇ ಅಂಟಿಕೊಂಡು ಗಂಟಾಗುತ್ತದೆ. ಅಮೈನ್ ಹೊತ್ತದ್ದು ರಾಳವನ್ನು ಗಟ್ಟಿಗೊಳಿಸುವ ಹಾರ್ಡನರ್‌ನಂತೆಯೇ ಎಪಾಕ್ಸಿಯ ಉಂಗುರ ಬಿಚ್ಚಿ ರಾಳದ ಜಾಲಕ್ಕೆ ಹೆಣೆದುಕೊಳ್ಳುತ್ತದೆ. ಸುತ್ತಲಿನ ಸರಪಳಿಗಳಿಗೆ ಮಿಸುಕಾಡಲು ಜಾಗ ಕಡಿಮೆ, ಮೆತ್ತಗಾಗಲು ಹೆಚ್ಚು ಬಿಸಿ ಬೇಕು.

ಆದರೆ ಗುಂಪು ಅಂಟಿಸಲು ಕೊಳವೆಗಳನ್ನು ಸಾಮಾನ್ಯವಾಗಿ ನೈಟ್ರಿಕ್, ಗಂಧಕಾಮ್ಲಗಳಲ್ಲಿ ಕಾಯಿಸುತ್ತಾರೆ. ಗೋಡೆ ಅಲ್ಲಲ್ಲಿ ಕೆಡುತ್ತದೆ, ಕೊಳವೆಯುದ್ದಕ್ಕೂ ಬಿಸಿ ಹರಿಯುವ ದಾರಿ ಹಾಳಾಗುತ್ತದೆ. ಒಂದು ಬಿಸಿಗೆ ಒಳ್ಳೆಯದು, ಇನ್ನೊಂದಕ್ಕೆ ಕೆಟ್ಟದ್ದು. ರಾಳ ಸುಟ್ಟು ಒಡೆಯುವ ತಾಪ ಮೂರನೆಯ ಲೆಕ್ಕ. ಆ ಗಾದೆ ಕಂಡಾಗ ಮೊದಲು ಕೋಷ್ಟಕ ತೆರೆದು ನೋಡಿ, ಅಳೆದದ್ದು ಯಾವುದನ್ನು ಎಂದು.