ಸಿವಂಗಿಯ ಹೆಸರು, ಹುಲಿಯ ಲೆಕ್ಕ

ಕಿತ್ತೂರಿನ ಇತಿಹಾಸದಲ್ಲಿ ವಾಲ್ಟರ್ ಎಲಿಯಟ್ಟರ ಹೆಸರು ಬರುವುದು ಒಬ್ಬ ಸೆರೆಯಾಳಿನದಾಗಿ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನಲ್ಲಿ ಹತನಾದಾಗ ಅವನ ಕೈಕೆಳಗಿನ ಇಬ್ಬರು ತರುಣ ಅಧಿಕಾರಿಗಳು ರಾಣಿ ಚೆನ್ನಮ್ಮನ ವಶವಾದರು. ಒಬ್ಬರು ಸ್ಟೀವನ್‌ಸನ್, ಇನ್ನೊಬ್ಬರು ಇಪ್ಪತ್ತೊಂದು ವರ್ಷದ ಎಲಿಯಟ್. ಡಿಸೆಂಬರಿನಲ್ಲಿ ಇಬ್ಬರೂ ಕ್ಷೇಮವಾಗಿ ಬಿಡುಗಡೆಯಾದರು.

ಕನ್ನಡ ಎಂ.ಎ. ತರಗತಿಗಳಲ್ಲಿ ಶಾಸನಪಾಠ ಹೇಳುತ್ತಿದ್ದ ನನಗೆ ಎಲಿಯಟ್ಟರು ಪರಿಚಿತರಾದದ್ದು ಬೇರೆಯ ದಾರಿಯಿಂದ. ಕರ್ನಾಟಕದ 595 ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ ಮಹನೀಯರು ಅವರು. ಆದರೆ ಕಲ್ಲಿನ ಲಿಪಿಯನ್ನು ನೋಡಿದ ಕಣ್ಣೇ ಕಾಡಿನ ಹೆಜ್ಜೆಯನ್ನೂ ನೋಡಿತ್ತೆಂಬುದು ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಅಷ್ಟಾಗಿ ತಿಳಿಯದು. 1839ರಲ್ಲಿ ಮದ್ರಾಸಿನ ಒಂದು ವಿದ್ವತ್ಪತ್ರಿಕೆಯಲ್ಲಿ ಅವರು ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದರು. ಆ ಪ್ರಾಂತವೆಂದರೆ ನಮ್ಮದೇ ಸೀಮೆ: ಕಿತ್ತೂರಿನ ಮಲೆನಾಡ ಸೆರಗು, ಬೈಲಹೊಂಗಲದ ಎರೆನೆಲ, ಮಲಪ್ರಭೆ ಹರಿಯುವ ಸವದತ್ತಿ ಮತ್ತು ರಾಮದುರ್ಗಗಳ ಬಂಡೆಗುಡ್ಡ ಹಾಗೂ ಬಯಲು.

ಎಲಿಯಟ್ಟರ ಹೆಚ್ಚಳವೆಂದರೆ, ಪ್ರಾಣಿಯನ್ನು ಅಳೆದು ವರ್ಣಿಸುವುದರ ಜೊತೆಗೆ ಇಲ್ಲಿಯ ಜನ ಅದನ್ನು ಕರೆಯುವ ಹೆಸರನ್ನೂ ಅವರು ಕೇಳಿ ಬರೆದುಕೊಂಡದ್ದು. ಗುಳಂದಿ ಎಂಬ ನಮ್ಮ ಪೊದೆಯಿಲಿಯ ಹೆಸರು ಹೀಗೆಯೇ ಪ್ರಾಣಿಶಾಸ್ತ್ರದ ಪುಸ್ತಕವನ್ನು ಸೇರಿ ‘ಗೊಲುಂಡ ಎಲಿಯೋಟಿ’ ಆಯಿತು. ಹಳ್ಳಿಗನ ಮಾತು, ಸಾಹೇಬರ ಹೆಸರು ಎರಡೂ ಅಲ್ಲಿ ಜೋಡಿಯಾಗಿ ನಿಂತಿವೆ. ಆ ಶತಮಾನದ ಪ್ರಾಣಿಗ್ರಂಥಗಳಲ್ಲಿ ಬೆಕ್ಕಿನ ಕುಲದ ದೊಡ್ಡ ಮೃಗಗಳಿಗೂ ಕನ್ನಡದ ಹೆಸರುಗಳು ದೊರೆಯುತ್ತವೆ. ಚಿರತೆ ‘ಹೊನಿಗ’, ಆ ಮಾತಿನಲ್ಲಿ ನನಗೆ ಹೊನ್ನಿನ ಬಣ್ಣವೇ ಕಾಣುತ್ತದೆ. ಬಯಲಿನಲ್ಲಿ ಹುಲ್ಲೆಯನ್ನು ಅಟ್ಟಿ ಹಿಡಿಯುವ ಚೀತಾ ‘ಸಿವಂಗಿ’.

ಸಿವಂಗಿಯ ಕಥೆ ದುಃಖದ್ದು. ಅರಸುಮನೆಗಳು ಅದನ್ನು ಪಳಗಿಸಿ ಬೇಟೆಗೆ ಬಳಸಿದವು. ಸೆರೆಯಲ್ಲಿ ಅದು ಮರಿ ಹಾಕುವುದು ತೀರ ಅಪರೂಪ. ಆದ್ದರಿಂದ ಬೇಕಾದಾಗಲೆಲ್ಲ ಕಾಡಿನಿಂದಲೇ ಹಿಡಿದು ತರಬೇಕಾಗಿತ್ತು. ಬಯಲು ಹೊಲವಾಯಿತು, ಹುಲ್ಲೆ ಕಡಿಮೆಯಾಯಿತು. 1947ರಲ್ಲಿ, ಇಂದಿನ ಛತ್ತೀಸಗಡದಲ್ಲಿರುವ ಕೋರಿಯಾ ಸಂಸ್ಥಾನದಲ್ಲಿ, ಮೂರು ಸಿವಂಗಿಗಳು ಗುಂಡಿಗೆ ಬಿದ್ದವು. 1952ರಲ್ಲಿ ಸರ್ಕಾರವೇ ಅದನ್ನು ಅಳಿದ ಪ್ರಾಣಿಯೆಂದು ಸಾರಿತು. 2022ರ ಸೆಪ್ಟೆಂಬರಿನಲ್ಲಿ ಎಂಟು ಚೀತಾಗಳನ್ನು ದೂರದ ನಮೀಬಿಯಾದಿಂದ ವಿಮಾನದಲ್ಲಿ ತರಿಸಿ ಮಧ್ಯಪ್ರದೇಶದ ಕುನೋ ಕಾಡಿನಲ್ಲಿ ಬಿಡಬೇಕಾಯಿತು. ನಮ್ಮಲ್ಲಿ ಉಳಿದದ್ದು ಹೆಸರು ಮಾತ್ರ.

ಹೆಸರನ್ನು ಬರೆದಿಡುವುದು ವಿದ್ಯೆ. ಆದರೆ ರಕ್ಷಣೆಗೆ ಅಷ್ಟು ಸಾಲದು. ಎಷ್ಟು ಉಳಿದಿವೆ, ಏನು ತಿಂದು ಬದುಕುತ್ತಿವೆ ಎಂಬುದು ತಿಳಿಯಬೇಕು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1973ರಲ್ಲಿ ಹುಲಿ ಯೋಜನೆಯೂ ಬಂದವು. ಆದರೆ ಎಣಿಕೆ ಮಾತ್ರ ಹೆಜ್ಜೆಗುರುತನ್ನೇ ನಂಬಿಕೊಂಡಿತ್ತು. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆ, ಧೂಳಿನಲ್ಲಿ ಇನ್ನೊಂದು ಬಗೆ.

ಈ ಲೆಕ್ಕವನ್ನು ಪ್ರಶ್ನಿಸಿ ಬೇರೊಂದು ದಾರಿಯನ್ನು ತೋರಿಸಿದವರು ಡಾ. ಉಲ್ಲಾಸ ಕಾರಂತರು. ಶಿವರಾಮ ಕಾರಂತರ ಮಗ, 1948ರಲ್ಲಿ ಜನಿಸಿದವರು. ಸುರತ್ಕಲ್ಲಿನಲ್ಲಿ ಕಲಿತದ್ದು ಇಂಜಿನಿಯರಿಂಗ್. ಅದನ್ನು ಬಿಟ್ಟು ಅಮೆರಿಕದ ಫ್ಲಾರಿಡಾದಲ್ಲಿ ವನ್ಯಜೀವಿಶಾಸ್ತ್ರವನ್ನು ಓದಿ, ಮಂಗಳೂರು ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 1986ರಿಂದ ನಾಗರಹೊಳೆಯೇ ಅವರ ಪ್ರಯೋಗಶಾಲೆಯಾಯಿತು.

ಅವರ ಪದ್ಧತಿ ಸರಳವಾದ ಒಂದು ಸಂಗತಿಯನ್ನು ಆಧರಿಸಿದೆ. ನಮ್ಮ ಹೆಬ್ಬೆರಳಿನ ಗುರುತಿನಂತೆ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಕಾಡಿನ ದಾರಿಯಲ್ಲಿ ಇಟ್ಟ ಕ್ಯಾಮೆರಾ ತಾನಾಗಿಯೇ ಚಿತ್ರ ತೆಗೆಯುತ್ತದೆ. ಮೊದಲ ಸರದಿಯಲ್ಲಿ ಇಪ್ಪತ್ತು ಹುಲಿಗಳು ಕಂಡವೆನ್ನಿ. ಎರಡನೆಯ ಸರದಿಯಲ್ಲಿ ಇಪ್ಪತ್ತು ಕಂಡು, ಅವುಗಳಲ್ಲಿ ಹತ್ತು ಹಳೆಯವೇ ಆಗಿದ್ದರೆ, ಮೊದಲ ಸಲ ನಮಗೆ ಸಿಕ್ಕದ್ದು ಒಟ್ಟಿನ ಅರ್ಧ. ಅಂದರೆ ಆ ಕಾಡಿನಲ್ಲಿ ಸುಮಾರು ನಲವತ್ತು ಹುಲಿಗಳಿವೆ. ಕಾಣದಿರುವುದನ್ನೂ ಲೆಕ್ಕಕ್ಕೆ ತರುವ ಈ ಗಣಿತದ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಹಳೆಯ ಎಣಿಕೆಯನ್ನು ನೆಚ್ಚಿಕೊಂಡಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ 2005ರ ಹೊತ್ತಿಗೆ ಒಂದು ಹುಲಿಯೂ ಉಳಿದಿರಲಿಲ್ಲವೆಂಬುದು ಬಯಲಾದ ಮೇಲೆ ಹೆಜ್ಜೆಯೆಣಿಕೆಯ ಕಾಲ ಮುಗಿಯಿತು. ಕ್ಯಾಮೆರಾ ಬಳಸಿದ ರಾಷ್ಟ್ರೀಯ ಅಂದಾಜು 2006ರಲ್ಲಿ 1,411, 2022ರಲ್ಲಿ 3,682. ಕರ್ನಾಟಕದ ಪಾಲು 563.

ಕಾರಂತರು ತಿಳಿಸಿದ ಇನ್ನೊಂದು ಸತ್ಯ, ಒಂದು ಹುಲಿಗೆ ವರ್ಷಕ್ಕೆ ಸುಮಾರು ಐವತ್ತು ಗೊರಸಿನ ಪ್ರಾಣಿಗಳು ಆಹಾರವಾಗಿ ಬೇಕೆಂಬುದು. ಜಿಂಕೆ, ಕಡವೆ, ಕಾಟಿಗಳಿಲ್ಲದ ಕಾಡನ್ನು ಎಷ್ಟು ಕಾದರೂ ಅಲ್ಲಿ ಹುಲಿ ನಿಲ್ಲದು. ಹುಲ್ಲೆ ಹೋದ ಬಯಲಿನಿಂದ ಸಿವಂಗಿ ಹೋದದ್ದು ಇದೇ ಪಾಠವಲ್ಲವೆ?

ಮಲಪ್ರಭೆ ಹುಟ್ಟುವ ಖಾನಾಪುರದ ಕಡೆ 2011ರಲ್ಲಿ ಭೀಮಗಡ ಅಭಯಾರಣ್ಯ ಏರ್ಪಟ್ಟಿತು. ಸವದತ್ತಿ, ರಾಮದುರ್ಗಗಳ ಹೊಲಕ್ಕೆ ಹರಿಯುವ ನೀರು ಆ ಕಾಡುಗಳ ಕಡೆಯಿಂದಲೇ ಬರುವಂಥದು. ಹುಲಿಯನ್ನು ಕಾಯುವುದೆಂದರೆ ನೀರಿನ ಮೂಲವನ್ನು ಕಾಯುವುದೂ ಹೌದು. ಎಲಿಯಟ್ಟರು ನಮಗೆ ಹೆಸರುಗಳನ್ನು ಉಳಿಸಿಕೊಟ್ಟರು. ಕಾರಂತರು ಎಣಿಸುವುದನ್ನು ಕಲಿಸಿದರು. ನಿಘಂಟಿನಲ್ಲಿ ಅರ್ಥವಿದ್ದು ನೆಲದ ಮೇಲೆ ಪ್ರಾಣಿಯಿಲ್ಲದ ಶಬ್ದ ನಮ್ಮ ಭಾಷೆಗೆ ಸಿವಂಗಿ ಒಂದೇ ಸಾಕು. ಹೊನಿಗವೂ ಹುಲಿಯೂ ಆ ಸಾಲಿಗೆ ಸೇರದಂತೆ ನೋಡಿಕೊಳ್ಳುವ ಹೊಣೆ ಪ್ರಾಣಿಶಾಸ್ತ್ರಜ್ಞರದು ಮಾತ್ರವಲ್ಲ. ಈ ಶಬ್ದಗಳನ್ನಾಡುವ ನಮ್ಮೆಲ್ಲರದು.