ತೊಡೆಸಂದಿನ ಸದ್ದು

ಸುಗ್ಗಿ ಮುಗಿದ ಮೇಲೆ ರೋಣ, ನರಗುಂದದ ಕಡೆಯ ಹಳ್ಳಿಗಳಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ಕಾಲು ಕಾಣದಂತೆ ಕಂಬಳಿ ಹೊದ್ದು ಬಂದು ಮನೆಯ ಮುಂದೆ ನಿಲ್ಲುವರು. ಆ ಮನೆತನದ ವಂಶಾವಳಿಯನ್ನು ತಲೆಮಾರುಗಟ್ಟಲೆ ಒಪ್ಪಿಸಿ, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುವರು. ಹೆಳವ ಎಂದರೆ ಕುಂಟ. ತಮ್ಮ ಮೂಲಪುರುಷ ಹೆಳವನಾಗಿದ್ದ ಎಂಬುದು ಅವರು ಹೇಳುವ ಕಥೆ. ಯಾವ ಕಾರಣಕ್ಕೆ ಕುಂಟನಾದ ಎಂಬ ವಿವರ ಇಂಥ ಕಥೆಗಳಿಗೆ ಬೇಕಾಗುವುದಿಲ್ಲ. ಕುಂಟುವವರಿಗೆಲ್ಲ ಒಂದೇ ಹೆಸರಿದ್ದ ಕಾಲ ಅದು. ಬಿದ್ದು ಮುರಿದ ಕಾಲು, ಪೋಲಿಯೊ ಬಡಿದ ಕಾಲು, ಹುಟ್ಟಿನಿಂದಲೇ ಚಪ್ಪೆಯ ಕೀಲು ನೆಲೆಗೊಳ್ಳದ ಕಾಲು ಎಲ್ಲವೂ ಆ ಒಂದು ಶಬ್ದದೊಳಗೆ ಸೇರಿಹೋಗಿದ್ದವು.

ಈ ಮೂರನೆಯದರ ಕಥೆಯೇ ಬೇರೆ. ವೈದ್ಯರು ಇದನ್ನು ಹಿಪ್ ಡಿಸ್ಪ್ಲೇಸಿಯಾ ಎನ್ನುತ್ತಾರೆ. ತೊಡೆಯ ಎಲುಬಿನ ಗುಂಡುತಲೆ ಚಪ್ಪೆಯ ಎಲುಬಿನ ಬಟ್ಟಲಿನಲ್ಲಿ ಕೂತಿರಬೇಕು. ಹಸುಗೂಸಿನಲ್ಲಿ ಈ ಬಟ್ಟಲು ಇನ್ನೂ ಮೆತ್ತಗೆ, ಆಳ ಕಡಿಮೆ. ಒಳಕಲ್ಲಿನಲ್ಲಿ ಗುಂಡುಕಲ್ಲು ತಿರುಗಿ ತಿರುಗಿ ಗುಳಿ ಹದವಾಗುವಂತೆ, ಗುಂಡುತಲೆ ಒಳಗೆ ಕೂತು ಆಡುತ್ತಿದ್ದರೆ ಮಾತ್ರ ಬಟ್ಟಲು ಸರಿಯಾದ ಆಕಾರಕ್ಕೆ ಬರುತ್ತದೆ. ಗುಂಡು ಹೊರಗೆ ಜಾರಿದರೆ ಬಟ್ಟಲು ಚಪ್ಪಟೆಯಾಗುತ್ತ ಹೋಗುತ್ತದೆ. ಇದರಲ್ಲಿ ನೋವಿಲ್ಲ; ಕೂಸು ಅಳುವುದಿಲ್ಲ, ಹಾಲು ಬಿಡುವುದಿಲ್ಲ. ವರ್ಷ ತುಂಬಿ ಅದು ಎದ್ದು ನಡೆದಾಗ ಬಾತುಕೋಳಿಯಂಥ ನಡಿಗೆ ಕಾಣುತ್ತದೆ. ಅಷ್ಟರಲ್ಲಿ ಸುಲಭದ ಚಿಕಿತ್ಸೆಯ ಕಾಲ ಮುಗಿದಿರುತ್ತದೆ. ತಿದ್ದಲು ಬರುವಾಗ ಕಾಣದು, ಕಾಣುವಾಗ ತಿದ್ದುವುದು ಕಷ್ಟ. ಈ ರೋಗದ ಇತಿಹಾಸವೆಲ್ಲ ಈ ಅಂತರವನ್ನು ಕಡಿಮೆ ಮಾಡಿದ ಇತಿಹಾಸ.

ಹಳಬರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಗ್ರೀಸಿನ ಹಿಪ್ಪೊಕ್ರೇಟಸನ ಹೆಸರಿನಲ್ಲಿರುವ ಕೀಲುಗಳ ಗ್ರಂಥದಲ್ಲಿ ಹುಟ್ಟಿನಿಂದಲೇ ತಪ್ಪಿದ ಚಪ್ಪೆಯ ಮಾತು ಬರುತ್ತದೆ. ನಮ್ಮ ಸುಶ್ರುತ ಸಂಹಿತೆ ಕೀಲು ತಪ್ಪುವುದನ್ನು ಆರು ಬಗೆಯಾಗಿ ವಿಂಗಡಿಸಿದೆ. ಪ್ಯಾರಿಸಿನ ಡುಪ್ಯುಟ್ರೆನ್ 1826ರಲ್ಲಿ ಇದರ ಅಂಗರಚನೆಯನ್ನು ಚೊಕ್ಕವಾಗಿ ವಿವರಿಸಿದ. ಗುಣವಾಗುವ ಆಸೆಯನ್ನು ಮಾತ್ರ ಕೊಡಲಿಲ್ಲ. ಆ ಶತಮಾನದ ಕೊನೆಗೆ ವಿಯೆನ್ನಾದ ಅಡಾಲ್ಫ್ ಲೊರೆಂಜ್ ಬಂದ. ಕಾರ್ಬಾಲಿಕ್ ಆಮ್ಲ ಕೈಗೆ ಆಗದೆ ಚಾಕು ಹಿಡಿಯುವ ಶಸ್ತ್ರಚಿಕಿತ್ಸೆ ಬಿಟ್ಟವನು ಅವನು. ಮಗುವಿನ ತೊಡೆಯನ್ನು ಬರಿಗೈಯಿಂದ ತಿರುಚಿ ಕೀಲು ಕೂರಿಸಿ, ಕಪ್ಪೆಯ ಭಂಗಿಯಲ್ಲಿ ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿಡುತ್ತಿದ್ದ. 1902ರಲ್ಲಿ ಶಿಕಾಗೊದ ಮಾಂಸೋದ್ಯಮಿ ಆರ್ಮರನ ಮಗಳಿಗೆ ಚಿಕಿತ್ಸೆ ಮಾಡಲು ಸಮುದ್ರ ದಾಟಿ ಹೋದಾಗ ಅಮೆರಿಕದ ಪತ್ರಿಕೆಗಳೆಲ್ಲ ಅವನ ಸುದ್ದಿಯೇ. ಆದರೆ ಬಲವಂತಕ್ಕೆ ಬೆಲೆ ತೆರಬೇಕಾಯಿತು. ಗುಂಡುತಲೆಗೆ ರಕ್ತ ಒಯ್ಯುವ ನಾಳಗಳು ಒತ್ತಿ ಹೋಗಿ ಎಷ್ಟೋ ಮಕ್ಕಳ ಎಲುಬು ಒಳಗೇ ಸತ್ತಿತು.

ದಾರಿ ತಿರುಗಿದ್ದು ಇಟಲಿಯ ಫೆರಾರಾ ಪಟ್ಟಣದಲ್ಲಿ, ಒಬ್ಬ ತಾಯಿಯಿಂದ. ಕೂಸಿನ ಅಂಡು ತೊಳೆಯುವಾಗ ತೊಡೆಸಂದಿನಲ್ಲಿ ಏನೋ ಕಟಕ್ಕೆನ್ನುತ್ತದೆ ಎಂದು ಅವಳು ಮಕ್ಕಳ ವೈದ್ಯ ಮರಿನೊ ಒರ್ಟೊಲಾನಿಗೆ ಹೇಳಿದಳು. ಆತ ಅದನ್ನು ತಳ್ಳಿಹಾಕದೆ ತಾನೂ ಕೈಯಿಟ್ಟು ನೋಡಿದ. ಮೊಣಕಾಲು ಮಡಚಿ ತೊಡೆಯನ್ನು ಮೆಲ್ಲಗೆ ಹೊರಗೆ ಅಗಲಿಸಿದರೆ, ಜಾರಿದ್ದ ಗುಂಡು ಬಟ್ಟಲಿಗೆ ಮರಳುವುದು ಬೆರಳಿಗೆ ತಿಳಿಯುತ್ತದೆ. 1937ರಲ್ಲಿ ಇದನ್ನು ಪ್ರಕಟಿಸಿದ. ಇಂದಿಗೂ ಅದು ಅವನ ಹೆಸರಿನ ಪರೀಕ್ಷೆ. ಆ ತಾಯಿಯ ಹೆಸರು ಯಾವ ಪಠ್ಯಪುಸ್ತಕದಲ್ಲೂ ಓದುವುದಿಲ್ಲ. 1962ರಲ್ಲಿ ಇಂಗ್ಲೆಂಡಿನ ಸಾಲ್ಫರ್ಡಿನ ಬಾರ್ಲೊ ಇನ್ನೊಂದು ಪರೀಕ್ಷೆ ಸೇರಿಸಿದ. ಅವನ ಲೆಕ್ಕದಲ್ಲಿ 60 ಕೂಸುಗಳಲ್ಲಿ ಒಂದಕ್ಕೆ ಹುಟ್ಟಿದಾಗ ಕೀಲು ಸಡಿಲ; ಅವುಗಳಲ್ಲಿ ನೂರಕ್ಕೆ 88 ಎರಡು ತಿಂಗಳೊಳಗೆ ತಾವೇ ಗಟ್ಟಿಯಾಗುತ್ತವೆ. ಚಿಕಿತ್ಸೆ ಬೇಕಾಗುವುದು ಉಳಿದವಕ್ಕೆ.

ಚಿಕಿತ್ಸೆಯೂ ಮೆತ್ತಗಾಯಿತು. 1940ರ ದಶಕದಲ್ಲಿ ಚೆಕ್ ವೈದ್ಯ ಆರ್ನಾಲ್ಡ್ ಪಾವ್ಲಿಕ್ ಪ್ಲಾಸ್ಟರ್ ಬಿಟ್ಟು ಪಟ್ಟಿಗಳ ಒಂದು ಕಟ್ಟು ಮಾಡಿದ. ಎದೆಗೆ ಒಂದು ಪಟ್ಟಿ, ಹೆಗಲ ಮೇಲಿಂದ ಎರಡು, ಪಾದಗಳಿಗೆ ರಿಕಾಪಿನಂಥವು. ಕಾಲು ಮಡಚಿ ಅಗಲವಾಗಿರುತ್ತದೆ, ಆದರೆ ಕೂಸು ಒದೆಯಬಹುದು. ಆ ಒದೆತವೇ ಗುಂಡನ್ನು ಬಟ್ಟಲಿನಲ್ಲಿ ಆಡಿಸುವ ಔಷಧ. ಲೊರೆಂಜ್ ಕೈಯಿಂದ ಮಾಡಿದ್ದನ್ನು ಪಾವ್ಲಿಕ್ ಕೂಸಿಗೇ ಬಿಟ್ಟುಕೊಟ್ಟ. 1980ರಲ್ಲಿ ಆಸ್ಟ್ರಿಯಾದ ಗ್ರಾಫ್ ಅಲ್ಟ್ರಾಸೌಂಡಿನಿಂದ ಮೆತ್ತನೆಯ ಕೀಲನ್ನು ನೋಡುವ ದಾರಿ ತೋರಿಸಿದ ಮೇಲೆ ಎಕ್ಸ್‌ರೇಗೆ ಎಲುಬು ಬಲಿಯುವವರೆಗೆ ಕಾಯುವುದೂ ತಪ್ಪಿತು.

ಈಗ ಇದನ್ನೆಲ್ಲ ಮಲಪ್ರಭೆಯ ದಂಡೆಗೆ, ಹೊಳೆಆಲೂರಿಗೆ ತಂದು ನೋಡಬೇಕು. ಇಲ್ಲಿಯ ಬಾಣಂತನದಲ್ಲಿ ಕೂಸಿಗೆ ಎರೆಯುವುದು ದೊಡ್ಡ ಕೆಲಸ. ಕಾಲು ಚಾಚಿ ಕುಳಿತ ಹಿರಿಯಳೊಬ್ಬಳು ಕೂಸನ್ನು ತನ್ನ ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಲೋಬಾನದ ಹೊಗೆ ಹಿಡಿದು, ಬಟ್ಟೆಯಲ್ಲಿ ಸುತ್ತುತ್ತಾಳೆ. ಫೆರಾರಾದ ತಾಯಿ ಕೇಳಿದ ಸದ್ದು ಕೇಳಿಸಬಹುದಾದ ಜಾಗ ಇದೇ. ದಿನಾ ಎರೆಯುವ ಕೈಗೆ ಒಂದು ತೊಡೆ ಇನ್ನೊಂದರಷ್ಟು ಅಗಲುವುದಿಲ್ಲ, ಒಂದು ಮೊಣಕಾಲು ತಗ್ಗಿನಲ್ಲಿದೆ ಎಂಬುದು ಯಂತ್ರಕ್ಕಿಂತ ಮೊದಲು ಗೊತ್ತಾಗುತ್ತದೆ. ಆದರೆ ಅದೇ ಕೈ, “ಕಾಲು ನೆಟ್ಟಗಾಗಲೆವ್ವಾ” ಎಂದು ಎರಡೂ ಕಾಲು ಜಗ್ಗಿ, ಜೋಡಿಸಿ, ಬಿಗಿಯಾಗಿ ಸುತ್ತುತ್ತದೆ. ಸಡಿಲ ಕೀಲಿಗೆ ಇದಕ್ಕಿಂತ ಕೆಟ್ಟದ್ದಿಲ್ಲ.

ಜಪಾನಿನಲ್ಲಿ 1965ಕ್ಕೆ ಮುಂಚೆ ನೂರಕ್ಕೆ ಒಂದರಿಂದ ಮೂರೂವರೆ ಮಕ್ಕಳಲ್ಲಿ ಈ ತೊಂದರೆ ಇತ್ತು. 1975ರಲ್ಲಿ ಯಮಾಮುರೊ ಮತ್ತು ಸಂಗಡಿಗರು, ಕೂಸಿನ ಕಾಲನ್ನು ನೀಟಾಗಿ ಚಾಚಿ ಕಟ್ಟಬೇಡಿ ಎಂದು ದೇಶದ ತುಂಬ ಪ್ರಚಾರ ಮಾಡಿದರು. ಪ್ರಮಾಣ ನೂರಕ್ಕೆ 0.2ಕ್ಕಿಂತ ಕೆಳಗಿಳಿಯಿತು. ಮಕ್ಕಳನ್ನು ಟೊಂಕದ ಮೇಲೆ ಕಾಲು ಅಗಲಿಸಿ ಹೊರುವ ನಾಡುಗಳಲ್ಲಿ ಇದು ಕಡಿಮೆ ಎಂಬ ಮಾತೂ ವೈದ್ಯ ಸಾಹಿತ್ಯದಲ್ಲಿ ಹಳೆಯದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳೆಂಬ ನಮ್ಮ ಗಾದೆ ಇಲ್ಲಿ ಬೇರೆಯೇ ಅರ್ಥ ಕೊಡುತ್ತದೆ. ಹಾಗೆಂದು ಹೆಮ್ಮೆಪಟ್ಟು ಕೂರುವಂತಿಲ್ಲ. ಟೊಂಕಕ್ಕೆ ಏರಿಸುವುದು ಕುತ್ತಿಗೆ ನಿಂತ ಮೇಲೆ; ಬಿಗಿದು ಸುತ್ತುವುದು ಹುಟ್ಟಿದ ದಿನದಿಂದ. ನಮ್ಮಲ್ಲಿ ಅಪಾಯ ಮೊದಲು ಬರುತ್ತದೆ, ಕಾವಲು ಆಮೇಲೆ.

ಈ ಕಾವಲನ್ನು ಹಿಂದಕ್ಕೆ ತರುವ ಕೆಲಸ ಈಗ ಆಶಾ ಕಾರ್ಯಕರ್ತೆಯದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಒಂಬತ್ತು ಜನ್ಮದೋಷಗಳ ಪಟ್ಟಿಯಲ್ಲಿ ಚಪ್ಪೆಯ ಕೀಲೂ ಇದೆ. ಭಾರತ ಪೋಲಿಯೊಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿದ್ದು 2014ರಲ್ಲಿ. ಕುಂಟುವ ಮಗುವನ್ನು ಕಂಡರೆ ಪೋಲಿಯೊ ಎಂದು ಸುಮ್ಮನಾಗುವ ರೂಢಿ ಬಿಡಲು ಕಾಲ ಕೂಡಿಬಂದಂತಾಯಿತು. ಮೊದಲ 42 ದಿನಗಳ ಮನೆಭೇಟಿಯಲ್ಲಿ ಕೇಳಬೇಕಾದವು ಕೆಲವೇ ಪ್ರಶ್ನೆ: ಹೆಣ್ಣು ಕೂಸೇ? ಚೊಚ್ಚಲವೇ? ಹೊಟ್ಟೆಯಲ್ಲಿ ಅಂಡು ಕೆಳಗಾಗಿತ್ತೇ? ಮನೆತನದಲ್ಲಿ ಯಾರಾದರೂ ಸಣ್ಣಂದಿನಿಂದ ಕುಂಟುತ್ತಿದ್ದರೇ? ಹೆಣ್ಣುಮಕ್ಕಳಲ್ಲಿ ಇದು ಸುಮಾರು ನಾಲ್ಕು ಪಟ್ಟು ಹೆಚ್ಚು. ನನಗೆ ಕಾಡುವುದು ಈ ಲೆಕ್ಕವೇ. ಹುಡುಗಿ ಕುಂಟಿದರೆ ಊರು ಮೊದಲು ಮಾತಾಡುವುದು ಅವಳ ಮದುವೆಯ ಬಗ್ಗೆ.

ಪಟ್ಟಿ ಕಟ್ಟಿದ ಮೇಲೆ ಮನೆಯವರ ಪರೀಕ್ಷೆ. ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ, ಹಗಲೂ ರಾತ್ರಿ. ವೈದ್ಯರು ಹೇಳುವವರೆಗೆ ಬಿಚ್ಚುವಂತಿಲ್ಲ. ಎರೆಯುವುದು ನಿಂತು, ಒದ್ದೆ ಬಟ್ಟೆಯಿಂದ ಮೈ ಒರೆಸುವುದಷ್ಟೇ. ಅಜ್ಜಿಗೆ ಇದು ದೊಡ್ಡ ಸಂಕಟ. ಎಣ್ಣೆನೀರಿಲ್ಲದೆ ಕೂಸು ಬೆಳೆದೀತೇ ಎಂದು ಅವಳ ಚಿಂತೆ. ಸೀರೆಯ ಜೋಳಿಗೆ ಕಾಲುಗಳನ್ನು ಒತ್ತರಿಸುತ್ತದೆ, ಹಾಗಾಗಿ ಮಲಗಿಸುವುದು ಕೌದಿಯ ಮೇಲೆ, ಬೆನ್ನಡಿಯಾಗಿ. ಲಂಗೋಟಿ ಬದಲಿಸುವಾಗ ಪಾದ ಹಿಡಿದೆತ್ತದೆ ಅಂಡಿನ ಕೆಳಗೆ ಕೈ ಕೊಡಬೇಕು. ಸಂದುಗಳಲ್ಲಿ ಕೆಂಪಾಗಿದೆಯೇ ಎಂದು ದಿನಾ ನೋಡಬೇಕು. ಇದ್ದಕ್ಕಿದ್ದಂತೆ ಕೂಸು ಮೊಣಕಾಲು ಚಾಚಿ ಒದೆಯುವುದನ್ನು ನಿಲ್ಲಿಸಿದರೆ ನರ ಒತ್ತಿರಬಹುದು, ಅಂದೇ ಆಸ್ಪತ್ರೆಗೆ ತಿಳಿಸಬೇಕು. ಮೂರು ನಾಲ್ಕು ವಾರದಲ್ಲಿ ಕೀಲು ಕೂರದಿದ್ದರೆ ವೈದ್ಯರೇ ಪಟ್ಟಿ ಬಿಚ್ಚಿ ಬೇರೆ ದಾರಿ ನೋಡುತ್ತಾರೆ. ಆರು ತಿಂಗಳು ದಾಟಿದ ಕೂಸಿಗೆ ಈ ಪಟ್ಟಿ ಅಷ್ಟಾಗಿ ಒಗ್ಗುವುದಿಲ್ಲ.

ಹೊಳೆಆಲೂರಿನಿಂದ ಗದಗಿಗೆ ರೈಲಿದೆ. 1876–78ರ ಬರಗಾಲದ ನಂತರ ಸದರ್ನ್ ಮರಾಠಾ ರೈಲ್ವೆ ಕಂಪನಿ ಹಾಕಿ, 1884ರಲ್ಲಿ ತೆರೆದ ಗದಗ–ಹೊಟಗಿ ದಾರಿ ಅದು. ಧಾನ್ಯ ಸಾಗಿಸಲು ಹುಟ್ಟಿದ ಆ ದಾರಿಯಲ್ಲಿ ಇಂದು ಪಟ್ಟಿ ಕಟ್ಟಿದ ಕೂಸನ್ನು ಗದಗಿನ ಜಿಮ್ಸ್‌ಗೋ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಿಂದಿನ ಕಿಮ್ಸ್) ಮೊದಮೊದಲು ವಾರಕ್ಕೊಮ್ಮೆ ಒಯ್ಯಬೇಕು. ಬಾಣಂತಿ ತವರಿನಿಂದ ಗಂಡನ ಮನೆಗೆ ಹೊರಡುವ ಹೊತ್ತಿಗೆ ಚಿಕಿತ್ಸೆ ಮುಗಿದರೂ ಆ ಕಾಗದಗಳು ತೊಟ್ಟಿಲ ಜೊತೆ ಹೋಗಬೇಕು, ಏಕೆಂದರೆ ಮುಂದಿನ ಎಕ್ಸ್‌ರೇ ಅಲ್ಲಿ ತೆಗೆಸಬೇಕಾಗುತ್ತದೆ, ನಡಿಗೆ ಕಲಿತ ಮೇಲೆ ಇನ್ನೊಮ್ಮೆ.