ಮೆಡಿಕೇಡ್ ಆಸ್ತಿರಕ್ಷಣಾ ಟ್ರಸ್ಟ್
ಅಮೆರಿಕದಲ್ಲಿ ವೃದ್ಧಾಪ್ಯದ ದೀರ್ಘಕಾಲದ ಆರೈಕೆಯ ವೆಚ್ಚಕ್ಕೆ ಮನೆ, ಉಳಿತಾಯ ಕರಗಿಹೋಗದಂತೆ ರಚಿಸುವ ಟ್ರಸ್ಟ್. ಹಿರಿಯರ ಆರೋಗ್ಯವಿಮೆಯಾದ ಮೆಡಿಕೇರ್ ನರ್ಸಿಂಗ್ ಹೋಮಿನ ದೀರ್ಘವಾಸದ ಖರ್ಚು ಕೊಡುವುದಿಲ್ಲ. ಅದನ್ನು ಕೊಡುವ ಸರ್ಕಾರಿ ಯೋಜನೆಯಾದ ಮೆಡಿಕೇಡ್ ಅಲ್ಪ ಆದಾಯ, ಅಲ್ಪ ಆಸ್ತಿಯವರಿಗೆ ಮೀಸಲು. ಹಲವು ರಾಜ್ಯಗಳಲ್ಲಿ ಒಂಟಿ ಅರ್ಜಿದಾರರ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರ್ ಮೀರುವಂತಿಲ್ಲ; ವಾಸದ ಮನೆಗೆ ಬೇರೆ ನಿಯಮ. ಈ ಲೆಕ್ಕದಿಂದ ಹೊರಗಿಡಲು ಆಸ್ತಿಯನ್ನು ಟ್ರಸ್ಟಿಗೆ ವರ್ಗಾಯಿಸುತ್ತಾರೆ; ಆದರೆ ಟ್ರಸ್ಟನ್ನು ರದ್ದುಮಾಡುವ ಹಕ್ಕನ್ನು ಆಸ್ತಿ ಕೊಟ್ಟವರು ಇಟ್ಟುಕೊಂಡರೆ ರಕ್ಷಣೆಯೇ ಇಲ್ಲ. ಮೂಲಧನ ಯಾವ ಸಂದರ್ಭದಲ್ಲೂ ಅವರ ಕೈಗೆ ಮರಳುವಂತಿರಬಾರದು. ಆದಾಯವನ್ನಷ್ಟೇ ಪಡೆಯಬಹುದು, ಅದೂ ಅರ್ಹತೆಯ ಲೆಕ್ಕಕ್ಕೆ ಬರುತ್ತದೆ. ಅರ್ಜಿಯ ಹಿಂದಿನ 60 ತಿಂಗಳ ವರ್ಗಾವಣೆಗಳನ್ನು ಬಹುತೇಕ ರಾಜ್ಯಗಳು ಪರಿಶೀಲಿಸುತ್ತವೆ. ಆ ಅವಧಿಯಲ್ಲಿ ಟ್ರಸ್ಟಿಗೆ ಕೊಟ್ಟ ಆಸ್ತಿಯ ಬೆಲೆಯನ್ನು ಸರಾಸರಿ ಮಾಸಿಕ ಆರೈಕೆ ವೆಚ್ಚದಿಂದ ಭಾಗಿಸಿದಷ್ಟು ತಿಂಗಳು ನೆರವು ಸಿಗದು. ಹೀಗಾಗಿ ಹಾಸಿಗೆ ಹಿಡಿದ ಮೇಲೆ ಮಾಡಿದ ಟ್ರಸ್ಟ್ ಬಹುಮಟ್ಟಿಗೆ ತಡವಾದದ್ದೇ.